ವಿದ್ಯಾರ್ಥಿಗಳು ನಡೆಸುವ ಖಗೋಳ ಉಪನ್ಯಾಸಕ್ಕೆ ಊರಿನವರೂ ಬರಬೇಕಾದರೆ ಏನು ಮಾಡಬೇಕು?

ಆರಿದ್ರಾ_ಧಾರವಾಡ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಾವು ಒಂದಷ್ಟು ವಿದ್ಯಾರ್ಥಿಗಳು ಸೇರಿ ಖಗೋಳ ಬಳಗ ನಡೆಸುತ್ತೇವೆ. ತಿಂಗಳಿಗೊಂದು ಉಪನ್ಯಾಸ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಪೋಸ್ಟರ್‌ನಲ್ಲಿ ಇದನ್ನೇ ದಪ್ಪಕ್ಷರದಲ್ಲಿ ಹಾಕುತ್ತೇವೆ. ಆದರೆ ಬರುವವರು ಮಾತ್ರ ನಮ್ಮ ಹಾಸ್ಟೆಲಿನವರು, ನಮ್ಮ ಮೇಷ್ಟ್ರುಗಳು, ಅಷ್ಟೇ.

ಈಚೆಗೆ ನಡೆದ ಎರಡು ಉಪನ್ಯಾಸಗಳ ಬಗ್ಗೆ ಹೇಳಬೇಕು. ಒಂದಕ್ಕೆ ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಬಂದಿದ್ದರು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಇರುವ 2 ಮೀಟರ್ ಟೆಲಿಸ್ಕೋಪನ್ನು ಇಲ್ಲಿ ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರಲ್ಲ, ಅದರ ವಿಷಯ. ಮಾತು ತುಂಬಾ ಚೆನ್ನಾಗಿತ್ತು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಮುಗಿದ ಮೇಲೆ ಪ್ರಶ್ನೆ ಕೇಳಿದವರು ನಮ್ಮ ಮೇಷ್ಟ್ರು ಮಾತ್ರ. ಹಿಂದಿನ ಬೆಂಚಿನಲ್ಲಿ ಪಿಯುಸಿ ಹುಡುಗರು ಕೂತಿದ್ದರು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು.

ಇನ್ನೊಂದು ಉಪನ್ಯಾಸವನ್ನು ನಮ್ಮ ಸೀನಿಯರ್ ಒಬ್ಬರು ಕನ್ನಡದಲ್ಲೇ ಮಾಡಿದರು. ವಿಷಯ ಮಳೆ ನಕ್ಷತ್ರಗಳು. ಅವತ್ತು ಸುತ್ತಲಿನ ಹಳ್ಳಿಯವರೂ ಬಂದಿದ್ದರು, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರಂತೆ. ಉಪನ್ಯಾಸಕ್ಕಿಂತ ಪ್ರಶ್ನೆಗಳೇ ಜಾಸ್ತಿ ಹೊತ್ತು ನಡೆದವು, ಬಾಗಿಲು ಹಾಕಬೇಕು ಅಂತ ವಾಚ್‌ಮನ್ ಬಂದು ನಿಂತ ಮೇಲೂ ನಿಲ್ಲಲಿಲ್ಲ.

ನನ್ನ ಮಟ್ಟಿಗೆ, ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವ ತನಕ ಅದು ಸಾರ್ವಜನಿಕ ಉಪನ್ಯಾಸ ಅಲ್ಲ. ಬಾಗಿಲು ತೆರೆದಿಟ್ಟರೆ ಸಾಕಾಗುವುದಿಲ್ಲ. ಆದರೆ ಪ್ರತಿ ತಿಂಗಳೂ ಕನ್ನಡ ಬಲ್ಲ ಸಂಶೋಧಕರು ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಇರುತ್ತದೆ, ಟೆಲಿಸ್ಕೋಪ್ ಹೊರಗೆ ತೆಗೆಯುವ ಹಾಗಿಲ್ಲ. ರಾತ್ರಿ ಕಾರ್ಯಕ್ರಮ ಅಂದರೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕಳಿಸುವುದಿಲ್ಲ. ಮೇಲಾಗಿ ಪ್ರತಿ ವರ್ಷ ನಡೆಸುವವರು ಪಾಸಾಗಿ ಹೊರಟುಬಿಡುತ್ತಾರೆ. ಇಂಥ ಬಳಗ ನಡೆಸಿದವರು, ಇಂಥ ಉಪನ್ಯಾಸಕ್ಕೆ ಹೋದವರು ದಯವಿಟ್ಟು ಬರೆಯಿರಿ.

ಹಳೇ_ದುರ್ಬೀನು:
ತಂಗಿ, ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ನಾನು ಬೆಂಗಳೂರಿನವನು, ಹವ್ಯಾಸಕ್ಕೆ ಆಕಾಶ ನೋಡುವವನು, ವಯಸ್ಸಾಗಿದೆ. ಮೊದಲು ದಿನ ಗೊತ್ತುಮಾಡಿ. ತಿಂಗಳ ಎರಡನೇ ಶನಿವಾರ ಅಂದರೆ ಎರಡನೇ ಶನಿವಾರ, ಪರೀಕ್ಷೆ ಬಂದರೂ ಮಳೆ ಬಂದರೂ ಬದಲಾಗಬಾರದು. ಊರಿನವರು ನಿಮ್ಮ ಪೋಸ್ಟರ್ ಹುಡುಕಿಕೊಂಡು ಬರುವುದಿಲ್ಲ. "ಇವತ್ತು ಎರಡನೇ ಶನಿವಾರ, ಯೂನಿವರ್ಸಿಟಿಯಲ್ಲಿ ಏನೋ ಇರುತ್ತೆ" ಅಂತ ಅವರ ತಲೆಯಲ್ಲಿ ಕೂರಬೇಕು. ಅದಕ್ಕೆ ಒಂದೆರಡು ವರ್ಷ ಬೇಕು. ನಮ್ಮಲ್ಲಿ ನೆಹರೂ ತಾರಾಲಯ ಇರುವುದರಿಂದ ಇದು ಸುಲಭ, ಅದು 1989ರಿಂದ ಇದೆ, ಆಟೋದವರಿಗೂ ಗೊತ್ತು. ಇಲ್ಲಿನ ಐಸಿಟಿಎಸ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆಯವರ 'ಕಾಪಿ ವಿತ್ ಕ್ಯೂರಿಯಾಸಿಟಿ' ಉಪನ್ಯಾಸಗಳಿಗೂ ಜನ ಬರುತ್ತಾರೆ. ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದ ಜಾಗ ಖಾಲಿಯಿದೆ, ನೀವು ಹಿಡಿಯಿರಿ.

ಇನ್ನೊಂದು ಮಾತು. ಟೆಲಿಸ್ಕೋಪನ್ನು ನೆಚ್ಚಿಕೊಂಡು ಕಾರ್ಯಕ್ರಮ ಮಾಡಬೇಡಿ. ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಮಾತ್ರ ನೋಡುತ್ತದೆ. ನೂರು ಜನ ಸಾಲಿನಲ್ಲಿ ನಿಂತರೆ, ಒಬ್ಬರಿಗೆ ಒಂದೇ ನಿಮಿಷ ಅಂದರೂ ಕೊನೆಯವರ ಸರದಿ ಬರುವಾಗ ಒಂದು ಗಂಟೆ ನಲವತ್ತು ನಿಮಿಷ ಆಗುತ್ತದೆ. ಮೋಟರ್ ಇಲ್ಲದೆ ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಟೆಲಿಸ್ಕೋಪ್ ಆದರೆ ಇನ್ನೂ ಕಷ್ಟ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ಐಪೀಸಿನಲ್ಲಿ, ಅಂದರೆ ಕಣ್ಣಿಡುವ ಮಸೂರದಲ್ಲಿ, ಕಾಣುವುದು ಸುಮಾರು ಅರ್ಧ ಡಿಗ್ರಿ ಆಕಾಶ. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಗುರು ಗ್ರಹ ಎರಡೇ ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಿಬಿಡುತ್ತದೆ. ಕನ್ನಡಕ ತೆಗೆಯಬೇಕೋ ಬೇಡವೋ ಅಂತ ಅಜ್ಜಿ ಕೇಳುವಷ್ಟರಲ್ಲಿ ಗುರು ಮಾಯ. ಪ್ರತಿಯೊಬ್ಬರಿಗೂ ಮತ್ತೆ ಸರಿಮಾಡಿ ಕೊಡಬೇಕು. ಉಪನ್ಯಾಸ ಹಾಗಲ್ಲ, ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ.

ಕರಾವಳಿ_ಹುಡುಗ:
ಸರ್, ನಿಮ್ಮ ಲೆಕ್ಕ ಸರಿ, ಆದರೂ ನಾನು ಒಪ್ಪುವುದಿಲ್ಲ. ಜನ ಬರುವುದೇ ಟೆಲಿಸ್ಕೋಪಿಗೆ. ನಾನು ಉಡುಪಿ ಕಡೆಯವನು, ಇಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘ ಗ್ರಹಣ ಬಂದಾಗಲೆಲ್ಲ ಜನರನ್ನು ಸೇರಿಸುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆ ಅಲ್ವಾ? ನಾವು ಸ್ನೇಹಿತರೆಲ್ಲ ಕೊಡಗಿನ ಕುಟ್ಟಕ್ಕೆ ಹೋಗಿದ್ದೆವು. ಗದ್ದೆ ಬದುವಿನ ಮೇಲೆ ನಿಂತವರಲ್ಲಿ ಉಪನ್ಯಾಸ ಕೇಳಿ ಬಂದವರು ಯಾರೂ ಇರಲಿಲ್ಲ. ನೋಡಿದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ಪ್ರಶ್ನೆ. ಸೂರ್ಯ ಪೂರ್ತಿ ಮುಚ್ಚಲಿಲ್ಲ ಯಾಕೆ, ಚಂದ್ರ ಅವತ್ತು ಸಣ್ಣಗಾಗಿದ್ದನಾ ಅಂತ. ಚಂದ್ರ ದೂರದಲ್ಲಿದ್ದ ಅನ್ನುವುದನ್ನು ಆ ಹೊತ್ತಿನಲ್ಲಿ ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಮೊದಲು ತೋರಿಸಿ, ಆಮೇಲೆ ಮಾತಾಡಿ.

ಮೋಡದ ತಿಂಗಳಿಗೆ ನಮ್ಮ ಉಪಾಯ ಹಗಲು. ಬಿಸಿಲು ಬಿದ್ದ ಅರ್ಧ ಗಂಟೆ ಸಿಕ್ಕರೂ ಸಾಕು, ಟೆಲಿಸ್ಕೋಪಿನಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿದರೆ ಕಲೆಗಳು ಕಾಣುತ್ತವೆ, ಇಪ್ಪತ್ತು ಮಕ್ಕಳು ಒಟ್ಟಿಗೆ ನೋಡಬಹುದು. ಆ ಹೊತ್ತಿನಲ್ಲಿ ಯಾರೂ ಐಪೀಸಿಗೆ ಕಣ್ಣಿಡದ ಹಾಗೆ ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಎಕ್ಸ್‌ರೇ ಫಿಲಂ, ಅರಿಶಿನ ನೀರು, ಸಗಣಿ ನೀರು ಯಾವುದೂ ಬೇಡ. ಇವುಗಳಲ್ಲಿ ಸೂರ್ಯನನ್ನು ನೋಡಿದರೂ ಕಣ್ಣು ಹಾಳಾಗುತ್ತದೆ.

ಹಳೇ_ದುರ್ಬೀನು:
ಗ್ರಹಣ ವರ್ಷಕ್ಕೊಮ್ಮೆ ಬಂದರೆ ಹೆಚ್ಚು ಮಾರಾಯರೇ. ಉಳಿದ ಹನ್ನೊಂದು ತಿಂಗಳು ಏನು ಮಾಡುತ್ತೀರಿ? ದಕ್ಷಿಣ ಭಾರತಕ್ಕೆ ಮುಂದಿನ ಕಂಕಣ ಗ್ರಹಣ 2031ರ ಮೇ 21ಕ್ಕೆ, ಅದೂ ಕೇರಳ, ತಮಿಳುನಾಡಿನ ಮೇಲೆ. ಅಲ್ಲಿಯ ತನಕ ಈ ಹುಡುಗರು ಕಾಯಬೇಕಾ?

ಕ್ಯಾಮ್_ದಂಡೆ:
ಇಬ್ಬರ ಮಾತೂ ಸೇರಿದರೆ ಹೇಗಿರುತ್ತದೆ ಅನ್ನುವುದನ್ನು ನಾನು ಇಲ್ಲಿ ಕೇಂಬ್ರಿಜ್‌ನಲ್ಲಿ ನೋಡುತ್ತಿದ್ದೇನೆ. ನನ್ನ ಓದು ಎಂಜಿನಿಯರಿಂಗ್, ಖಗೋಳ ಅಲ್ಲ. ಊರು ತಿಪಟೂರು. ಇಲ್ಲಿನ ಖಗೋಳ ಸಂಸ್ಥೆಯವರು ಚಳಿಗಾಲದ ತಿಂಗಳುಗಳಲ್ಲಿ ಬುಧವಾರ ಸಂಜೆ ಬಾಗಿಲು ತೆರೆಯುತ್ತಾರೆ. ಮೊದಲು ಅರ್ಧ ಗಂಟೆ ಉಪನ್ಯಾಸ, ಬಹಳ ಸಲ ಪಿಎಚ್‌ಡಿ ಮಾಡುವ ಹುಡುಗರೇ ಮಾತಾಡುತ್ತಾರೆ. ಆಮೇಲೆ ಆಕಾಶ ತಿಳಿಯಾಗಿದ್ದರೆ ಹೊರಗೆ ಟೆಲಿಸ್ಕೋಪ್. ಇಂಗ್ಲೆಂಡಿನ ಚಳಿಗಾಲ ಅಂದರೆ ಗೊತ್ತಲ್ಲ, ಎಷ್ಟೋ ಬುಧವಾರ ಒಂದು ನಕ್ಷತ್ರವೂ ಕಾಣುವುದಿಲ್ಲ. ಉಪನ್ಯಾಸ ಮಾತ್ರ ನಿಲ್ಲುವುದಿಲ್ಲ. ಮೋಡ ಇದ್ದರೂ ಜನ ಬರುತ್ತಾರೆ, ಯಾಕಂದರೆ ಬಂದವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಇದಲ್ಲದೆ ವಿದ್ಯಾರ್ಥಿಗಳೇ ನಡೆಸುವ ಕೇಂಬ್ರಿಜ್ ಯೂನಿವರ್ಸಿಟಿ ಆಸ್ಟ್ರನಾಮಿಕಲ್ ಸೊಸೈಟಿ ಬೇರೆ ಇದೆ, 1942ರಿಂದ. ಟರ್ಮ್ ನಡೆಯುವಾಗ ಅವರದೂ ಉಪನ್ಯಾಸಗಳಿರುತ್ತವೆ. ಅವರು ಬಳಸುವ ಥಾರೋಗುಡ್ ಟೆಲಿಸ್ಕೋಪ್ 1864ರಲ್ಲಿ ಮಾಡಿದ್ದು, 8 ಇಂಚಿನ ಮಸೂರ, ಇವತ್ತಿಗೂ ಅದರಲ್ಲಿ ನೋಡಬಹುದು.

ನನಗೆ ತುಂಬಾ ಹಿಡಿಸಿದ್ದು ಅವರು ತಮ್ಮ ಕಥೆಯನ್ನೇ ಜನರಿಗೆ ಹೇಳುವ ರೀತಿ. ಪಕ್ಕದಲ್ಲೇ ನಾರ್ತಂಬರ್‌ಲ್ಯಾಂಡ್ ಅಂತ ಇನ್ನೂ ಹಳೆಯ ಟೆಲಿಸ್ಕೋಪ್ ಇದೆ, 1830ರ ದಶಕದ್ದು. 1846ರ ಆಗಸ್ಟ್‌ನಲ್ಲಿ ಜೇಮ್ಸ್ ಚಾಲಿಸ್ ಇದೇ ಟೆಲಿಸ್ಕೋಪಿನಲ್ಲಿ ಹೊಸ ಗ್ರಹ ಹುಡುಕುತ್ತಿದ್ದರು. ನೆಪ್ಚೂನ್ ಅವರ ಕಣ್ಣಿಗೆ ಬಿದ್ದಿತ್ತು, ಬರೆದೂ ಇಟ್ಟಿದ್ದರು, ಆದರೆ ಅದು ಗ್ರಹ ಅಂತ ಗುರುತಿಸಲಿಲ್ಲ. ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ಮತ್ತು ಡಾರೆಸ್ಟ್ ಗುರುತಿಸಿಬಿಟ್ಟರು. ಇಂಥದ್ದನ್ನು ಅದೇ ಜಾಗದಲ್ಲಿ ನಿಂತು ಕೇಳಿದರೆ ವಿಜ್ಞಾನ ಮನುಷ್ಯರು ಮಾಡುವ ಕೆಲಸ ಅಂತ ಮಕ್ಕಳಿಗೂ ಗೊತ್ತಾಗುತ್ತದೆ.

ನಿಮ್ಮ ಊರಿಗೂ ಒಂದು ಅನುಕೂಲ ಇದೆ. ಇಲ್ಲಿ 52 ಡಿಗ್ರಿ ಉತ್ತರದಲ್ಲಿ ನಮಗೆ ಅಗಸ್ತ್ಯ ನಕ್ಷತ್ರ ಹುಟ್ಟುವುದೇ ಇಲ್ಲ. ಧಾರವಾಡದಲ್ಲಿ ಫೆಬ್ರವರಿ ಸಂಜೆ ದಕ್ಷಿಣಕ್ಕೆ ಮುಖ ಮಾಡಿದರೆ 20 ಡಿಗ್ರಿಗಿಂತ ಮೇಲೆ ಹೊಳೆಯುತ್ತಿರುತ್ತದೆ.

ಜೋಳದ_ಹೊಲ:
ನಾನು ಆ ಮಳೆ ನಕ್ಷತ್ರದ ಉಪನ್ಯಾಸಕ್ಕೆ ಬಂದವನು. ನವಲಗುಂದದ ಕಡೆ ನಮ್ಮ ಹೊಲ ಇದೆ. ಪ್ರಶ್ನೆ ಕೇಳಲು ಕೈ ಎತ್ತಿದ್ದೆ, ಅಷ್ಟರಲ್ಲಿ ವಾಚ್‌ಮನ್ ಲೈಟ್ ಆರಿಸಿದರು. ಇಲ್ಲೇ ಕೇಳುತ್ತೇನೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಅಂತ ನಮ್ಮಪ್ಪ ಹೇಳುತ್ತಾನೆ. ರೋಹಿಣಿ ಮಳೆ ಮೇ ಕೊನೆಗೆ ಹೂಡುತ್ತದೆ. ಆದರೆ ಆ ದಿನಗಳಲ್ಲಿ ರಾತ್ರಿ ಎಷ್ಟು ಹುಡುಕಿದರೂ ರೋಹಿಣಿ ನಕ್ಷತ್ರ ಆಕಾಶದಲ್ಲಿ ಕಾಣುವುದಿಲ್ಲ. ಹೆಸರು ಮಾತ್ರ ಅದರದ್ದು, ನಕ್ಷತ್ರ ಇಲ್ಲ. ಯಾಕೆ?

ಆರಿದ್ರಾ_ಧಾರವಾಡ:
ಅಣ್ಣಾ, ನಿಮ್ಮ ಪ್ರಶ್ನೆ ಅವತ್ತು ಕೇಳದೆ ಉಳಿದಿದ್ದಕ್ಕೆ ಬೇಜಾರಾಯಿತು. ಇದು ಆ ಇಡೀ ಉಪನ್ಯಾಸದ ತಿರುಳು.

ಮಳೆಗೆ ಹೆಸರು ಕೊಡುವುದು ರಾತ್ರಿ ಕಾಣುವ ನಕ್ಷತ್ರ ಅಲ್ಲ. ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿದ್ದಾನೆ ಅನ್ನುವುದರ ಮೇಲೆ ಹೆಸರು. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳ ಜಾಗ ದಾಟುತ್ತಾನೆ, ಅಂದರೆ ಒಂದೊಂದರಲ್ಲಿ 13-14 ದಿನ. ಅದಕ್ಕೇ ಪ್ರತಿ ಮಳೆಯೂ ಅಷ್ಟೇ ದಿನ ಇರುತ್ತದೆ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಯ ಜಾಗಕ್ಕೆ ಬರುತ್ತಾನೆ. ಆಗ ರೋಹಿಣಿ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಹಗಲಿಡೀ ತಲೆಯ ಮೇಲೆಯೇ ಇರುತ್ತದೆ, ಬಿಸಿಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ನೋಡಬೇಕು ಅಂದರೆ ಆರು ತಿಂಗಳು ಬಿಟ್ಟು ಡಿಸೆಂಬರ್ ಮೊದಲ ವಾರ ಮಧ್ಯರಾತ್ರಿ ಹೊಲದಲ್ಲಿ ನಿಂತು ನೆತ್ತಿಯ ಮೇಲೆ ನೋಡಿ. ಕೆಂಪು ಕಿತ್ತಳೆ ಬಣ್ಣದ ನಕ್ಷತ್ರ, ಸುಮಾರು 65 ಜ್ಯೋತಿರ್ವರ್ಷ ದೂರ. ನಮ್ಮ ಧಾರವಾಡ, ನವಲಗುಂದದ ಕಡೆಯವರಿಗೆ ಅದು ಹೆಚ್ಚು ಕಡಿಮೆ ನಟ್ಟನಡು ನೆತ್ತಿಯ ಮೇಲೇ ಹಾದುಹೋಗುತ್ತದೆ, ಒಂದು ಡಿಗ್ರಿಯಷ್ಟು ಆಚೀಚೆ. ಪಕ್ಕದಲ್ಲೇ ಕೃತ್ತಿಕೆಯ ಗುಂಪು ಇರುತ್ತದೆ.

ಹೈಸ್ಕೂಲ್_ಮೇಷ್ಟ್ರು:
ಗದಗ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳುವವನು ನಾನು. ತಂಗಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ವಾಲುತ್ತಾ ಸುತ್ತುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬರುತ್ತದೆ. ಹಾಗೇ ಎಣಿಸುತ್ತಾ ಹೋದರೆ ಸುಮಾರು 950 ವರ್ಷಕ್ಕೆ ಒಂದು ಪೂರ್ತಿ ಮಳೆ ನಕ್ಷತ್ರ ಸರಿದುಹೋಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ರೈತನಿಗೆ ಸೂರ್ಯ ರೋಹಿಣಿಗೆ ಬರುತ್ತಿದ್ದದ್ದು ಋತುವಿನ ಲೆಕ್ಕದಲ್ಲಿ ಈಗಿಗಿಂತ ಎರಡು ವಾರ ಮುಂಚೆ. ಗಾದೆ ಎಷ್ಟು ಹಳೆಯದು ಅಂತ ನಾನು ಹೇಳಲಾರೆ, ಆದರೆ ಮಕ್ಕಳ ಮುಂದೆ ಈ ಲೆಕ್ಕ ಇಟ್ಟರೆ ಅವರೇ ಜಗಳಕ್ಕೆ ಬೀಳುತ್ತಾರೆ. ಅಂಥ ಜಗಳ ನನಗೆ ಬೇಕು.

ಜೋಳದ_ಹೊಲ:
ಈಗ ತಿಳಿಯಿತು. ಅಪ್ಪನಿಗೆ ಓದಿ ಹೇಳಿದೆ. "ಹಂಗಾದರ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಗಾದಿ ಬದಲಿ ಮಾಡಬೇಕಾಗತೈತಿ" ಅಂದ. ಮುಂದಿನ ಸಲ ಅವನನ್ನೂ ಕರೆದುಕೊಂಡು ಬರುತ್ತೇನೆ. ಸಂಜೆ 5ಕ್ಕೆ ಶುರುವಾದರೆ ನಮಗೆ ವಾಪಸ್ ಬಸ್ಸು ಸಿಗುತ್ತದೆ.

ಅರೆಗನ್ನಡತಿ:
ಭಾಷೆಯ ವಿಷಯಕ್ಕೆ ಬರುತ್ತೇನೆ. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮನೆಮಾತು ಬೇರೆ, ಕನ್ನಡ ಇಲ್ಲಿ ಬಂದು ಕಲಿತೆ. ನಮ್ಮಂಥವರನ್ನು ಕರೆದರೆ ಖುಷಿಯಿಂದ ಬರುತ್ತೇವೆ, ಆದರೆ ಒಂದು ಗಂಟೆ ಕನ್ನಡದಲ್ಲಿ ಮಾತಾಡಲು ಧೈರ್ಯ ಸಾಲುವುದಿಲ್ಲ. ಹಾಗಾಗಿ ನಾವು ಒಂದು ಮಾತು ಇಂಗ್ಲಿಷಿನಲ್ಲಿ ಹೇಳುವುದು, ನಿಮ್ಮ ಬಳಗದವರು ಪಕ್ಕದಲ್ಲಿ ನಿಂತು ಅದನ್ನೇ ಕನ್ನಡದಲ್ಲಿ ಹೇಳುವುದು ಮಾಡಬಹುದಲ್ಲ?

ಹೈಸ್ಕೂಲ್_ಮೇಷ್ಟ್ರು:
ಮೇಡಂ, ಅದನ್ನು ನಮ್ಮ ತಾಲೂಕಿನಲ್ಲಿ ಮಾಡಿ ನೋಡಿದ್ದಾರೆ. ಸಮಯ ಅರ್ಧಕ್ಕರ್ಧ ಹೋಗುತ್ತದೆ. ಮಾತಾಡುವವರ ಓಘ ತಪ್ಪುತ್ತದೆ, ಕೇಳುವವರು ಇಂಗ್ಲಿಷ್ ಬಂದಾಗ ಫೋನ್ ನೋಡುತ್ತಾರೆ. ನನಗೆ ಸರಿ ಅನ್ನಿಸುವುದು ಇದು. ವಿಜ್ಞಾನಿಯ ಜೊತೆ ಬಳಗದ ಒಬ್ಬ ಹುಡುಗಿಯೋ ಹುಡುಗನೋ ಮೊದಲೇ ಫೋನಿನಲ್ಲಿ ಕೂತು ವಿಷಯ ಪೂರ್ತಿ ಅರ್ಥ ಮಾಡಿಕೊಳ್ಳಲಿ. ಉಪನ್ಯಾಸವನ್ನು ಆ ವಿದ್ಯಾರ್ಥಿಯೇ ಕನ್ನಡದಲ್ಲಿ ಮಾಡಲಿ, ಅರ್ಧ ಗಂಟೆ ಸಾಕು. ವಿಜ್ಞಾನಿ ವೇದಿಕೆಯಲ್ಲೇ ಇರಲಿ. ಉಳಿದ ಸಮಯವೆಲ್ಲ ಪ್ರಶ್ನೆಗೆ. ಪ್ರಶ್ನೆ ಕನ್ನಡದಲ್ಲಿ ಬರುತ್ತದೆ, ವಿದ್ಯಾರ್ಥಿ ಅದನ್ನು ಅವರಿಗೆ ಮುಟ್ಟಿಸಿ, ಉತ್ತರವನ್ನು ಜನರಿಗೆ ಮುಟ್ಟಿಸುತ್ತಾನೆ. ಕಲಿಯುವವರಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಳೇ_ದುರ್ಬೀನು:
ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಂದೇ ಎಚ್ಚರಿಕೆ, ವಿದ್ಯಾರ್ಥಿಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಬಾರದು. ಪಕ್ಕದಲ್ಲಿ ವಿಜ್ಞಾನಿ ಇರುವುದು ಅದಕ್ಕೇ.

ಅರೆಗನ್ನಡತಿ:
ಇದು ನನಗೂ ಇಷ್ಟವಾಯಿತು. ಹೀಗಾದರೆ ನಾನೇ ಬರುತ್ತೇನೆ. ನನ್ನ ಕೆಲಸ ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆಯ ಮಾಹಿತಿಯ ಮೇಲೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ಕ್ಕೆ ಜಾಗ ಮುಟ್ಟಿತು, ಇಲ್ಲಿಂದ 15 ಲಕ್ಷ ಕಿ.ಮೀ. ದೂರ. ಅದರಲ್ಲಿರುವ ವಿಇಎಲ್‌ಸಿ ಉಪಕರಣ ಸೂರ್ಯನ ಬಿಂಬವನ್ನು ತಾನೇ ಮುಚ್ಚಿ ಸುತ್ತಲಿನ ಕರೋನಾವನ್ನು, ಅಂದರೆ ಸೂರ್ಯನ ಹೊರ ವಾತಾವರಣವನ್ನು, ನೋಡುತ್ತದೆ. ಗ್ರಹಣಕ್ಕೆ ಕಾಯಬೇಕಾಗಿಲ್ಲ. ಅದನ್ನು ಜೋಡಿಸಿದ್ದು ನೀವು ಮೊದಲು ಹೇಳಿದ ಹೊಸಕೋಟೆಯ ಅದೇ ಕ್ಯಾಂಪಸ್ಸಿನಲ್ಲಿ. ಹಾನ್ಲೆಯ ಉಪನ್ಯಾಸಕ್ಕೆ ಇದು ಸರಿಯಾದ ಮುಂದುವರಿಕೆ.

ಇಬ್ಬರು_ಮಕ್ಕಳ_ತಾಯಿ:
ನಾನು ಹುಬ್ಬಳ್ಳಿಯವಳು. ಮಗಳಿಗೆ ಆಕಾಶದ ಹುಚ್ಚು, ಎಂಟನೇ ಕ್ಲಾಸು. ರಾತ್ರಿ ಕಳಿಸುವ ವಿಷಯ ಎತ್ತಿದ್ದೀರಿ, ಅದನ್ನು ಬಿಡಿಸಿ ಹೇಳುತ್ತೇನೆ. ಕಾರ್ಯಕ್ರಮ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಯಾವ ಪೋಸ್ಟರ್‌ನಲ್ಲೂ ಹಾಕುವುದಿಲ್ಲ, ಶುರುವಾಗುವ ಹೊತ್ತು ಮಾತ್ರ ಹಾಕುತ್ತಾರೆ. ನಮಗೆ ಬೇಕಿರುವುದು ಮುಗಿಯುವ ಹೊತ್ತು. ಗೇಟಿನಿಂದ ಹಾಲ್ ತನಕ ದಾರಿಯಲ್ಲಿ ಲೈಟ್ ಇದೆಯಾ, ಶೌಚಾಲಯ ತೆರೆದಿರುತ್ತದಾ, ಇದನ್ನೂ ಹಾಕಿ. ಸಂಘಟಕರಲ್ಲಿ ಹುಡುಗಿಯರು ಇದ್ದಾರೆ ಅಂತ ಗೊತ್ತಾದರೆ ಅರ್ಧ ಚಿಂತೆ ಕಡಿಮೆ. ಹೋದ ವರ್ಷ ಬೇರೊಂದು ಊರಿನಲ್ಲಿ ಇಂಥದ್ದೇ ಕಾರ್ಯಕ್ರಮಕ್ಕೆ ಹೋಗಿದ್ದೆವು. ಏಳಕ್ಕೆ ಅಂದವರು ಎಂಟೂವರೆಗೆ ಶುರು ಮಾಡಿದರು. ಅದಕ್ಕಿಂತ ಮುಂಚೆ ನಡೆದದ್ದೆಲ್ಲ ಸ್ವಾಗತ, ಹಾರ, ಶಾಲು, ಅತಿಥಿಗಳ ಭಾಷಣ. ಮಗಳು ಕೂತಲ್ಲೇ ನಿದ್ದೆ ಹೋದಳು. ಶನಿ ಗ್ರಹ ನೋಡದೆ ವಾಪಸ್ ಬಂದೆವು. ದಯವಿಟ್ಟು ಹಾರ ತುರಾಯಿ ಬಿಟ್ಟುಬಿಡಿ.

ಆರಿದ್ರಾ_ಧಾರವಾಡ:
ಅಕ್ಕಾ, ಮುಗಿಯುವ ಹೊತ್ತು ಹಾಕುವುದನ್ನು ಈ ತಿಂಗಳಿಂದಲೇ ಶುರು ಮಾಡುತ್ತೇವೆ. ಹಾರ, ಶಾಲು ನಮ್ಮಲ್ಲೂ ಇಲ್ಲ, ಇನ್ನು ಮುಂದೆಯೂ ಇರುವುದಿಲ್ಲ. ಸಂಜೆ 5ಕ್ಕೆ ಶುರು, 6:30ಕ್ಕೆ ಮಾತು ಮುಗಿಯುತ್ತದೆ. ಕತ್ತಲಾದ ಮೇಲೆ ನಿಲ್ಲುವವರು ಟೆಲಿಸ್ಕೋಪ್ ನೋಡಿ 8ರೊಳಗೆ ಹೊರಡಬಹುದು. ಬಸ್ಸಿನವರು ಮಾತು ಮುಗಿದ ಕೂಡಲೇ ಹೊರಟರೂ ಅವರಿಗೆ ಏನೂ ತಪ್ಪುವುದಿಲ್ಲ. ಕರಾವಳಿಯವರು ಹೇಳಿದ ಸೂರ್ಯನ ಬಿಂಬವನ್ನು ಬಿಸಿಲಿದ್ದರೆ 4:30ಕ್ಕೇ ಅಂಗಳದಲ್ಲಿ ತೋರಿಸುತ್ತೇವೆ. ತೋರಿಸುವುದು ಮೊದಲು, ಮಾತು ಆಮೇಲೆ, ನಿಮ್ಮ ಮಾತೂ ನಡೆಯಿತು ನೋಡಿ.

ಒಂದು ವಿಷಯದಲ್ಲಿ ಇನ್ನೂ ಗೊಂದಲ ಇದೆ. ಗ್ರಹಣ, ಜಾತಕ, ಶನಿ ಕಾಟ ಇವುಗಳ ಪ್ರಶ್ನೆ ಬಂದೇ ಬರುತ್ತವೆ. ನಮ್ಮ ಬಳಗದಲ್ಲೇ ಎರಡು ಪಕ್ಷ ಇದೆ. ಅಂಥ ಪ್ರಶ್ನೆ ತೆಗೆದುಕೊಳ್ಳಲೇಬಾರದು ಅನ್ನುವವರು ಕೆಲವರು, ವೇದಿಕೆ ಮೇಲೇ ಖಂಡಿಸಬೇಕು ಅನ್ನುವವರು ಕೆಲವರು.

ಕರಾವಳಿ_ಹುಡುಗ:
ಖಂಡಿಸಬೇಕು. ಗ್ರಹಣದ ಹೊತ್ತಿನಲ್ಲಿ ಎಲ್ಲರೂ ಕೂತು ಅವಲಕ್ಕಿ ತಿನ್ನಬೇಕು. ಅಷ್ಟು ಮಾಡದಿದ್ದರೆ ವಿಜ್ಞಾನದ ಬಳಗ ಯಾಕೆ?

ಇಬ್ಬರು_ಮಕ್ಕಳ_ತಾಯಿ:
ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಅತ್ತೆಯ ಕೈಗೆ ತಟ್ಟೆ ಕೊಟ್ಟು ಪರೀಕ್ಷೆ ಮಾಡಬೇಡಿ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಅವರು ಸಂಜೆಯೇ ಊಟ ಮುಗಿಸಿ, ಬಾಗಿಲು ಹಾಕಿಕೊಂಡು ಕೂತಿದ್ದರು. ರಾತ್ರಿ 11 ದಾಟಿ ಚಂದ್ರ ಪೂರ್ತಿ ಕೆಂಪಾದಾಗ, ಮೋಡದ ಸಂದಿಯಲ್ಲಿ ಕಂಡಾಗ, ಮಗಳು ಹೋಗಿ ಅಜ್ಜಿಯ ಕೈ ಹಿಡಿದು ಟೆರೇಸಿಗೆ ಎಳೆದುಕೊಂಡು ಬಂದಳು. ಅತ್ತೆ ಸ್ವಲ್ಪ ಹೊತ್ತು ನೋಡಿ, ಕಪ್ಪಾಗಬೇಕಿತ್ತು, ಕೆಂಪು ಯಾಕಾಯ್ತು ಅಂತ ಕೇಳಿದರು. ಭೂಮಿಯ ಗಾಳಿಯ ಪದರದಲ್ಲಿ ಬಾಗಿ ಬಂದ ಬೆಳಕು ಅದು, ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಅಲ್ಲೆಲ್ಲದರ ಕೆಂಪು ಸೇರಿ ಚಂದ್ರನ ಮೇಲೆ ಬಿದ್ದಿದೆ ಅಂತ ಮಗಳು ಹೇಳಿದಳು. ಅವರು ಆಮೇಲೆ ಸ್ನಾನ ಮಾಡಿಯೇ ಮಲಗಿದರು. ಆದರೆ ನೋಡಿದರು ತಾನೆ? ಬೈದಿದ್ದರೆ ಹೊರಗೇ ಬರುತ್ತಿರಲಿಲ್ಲ.

ಹೈಸ್ಕೂಲ್_ಮೇಷ್ಟ್ರು:
ಈ ತಾಯಿ ಹೇಳಿದ್ದು ಸರಿ. ಯಾವ ಪ್ರಶ್ನೆಯನ್ನೂ ತಳ್ಳಿಹಾಕಬೇಡಿ. ಶನಿ ಕಾಟದ ಬಗ್ಗೆ ಕೇಳಿದರೆ, ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29 ವರ್ಷ 6 ತಿಂಗಳು ಬೇಕು, ಹನ್ನೆರಡು ರಾಶಿಗೆ ಹಂಚಿದರೆ ಒಂದರಲ್ಲಿ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ, ಸಾಡೆಸಾತಿಯ ಲೆಕ್ಕ ಬಂದದ್ದು ಇಲ್ಲಿಂದ ಅಂತ ಮೊದಲು ಹೇಳಿ. ಆಕಾಶದ ಲೆಕ್ಕ ನಿಜ. ಆ ಗ್ರಹ ನಮ್ಮ ಮನೆಯ ಸಾಲ, ಮಗಳ ಮದುವೆಯ ಮೇಲೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ ಅಂತ ಆಮೇಲೆ ಸ್ಪಷ್ಟವಾಗಿ ಹೇಳಿ. ಎರಡನ್ನೂ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿ ಜಾರಿಕೊಂಡರೆ ಅದು ವಿಜ್ಞಾನದ ಉಪನ್ಯಾಸ ಆಗುವುದಿಲ್ಲ.

ಕರಾವಳಿ_ಹುಡುಗ:
ಹೀಗೆ ಹೇಳುವುದಾದರೆ ನನ್ನ ಒಪ್ಪಿಗೆ ಇದೆ. ಸ್ಪಷ್ಟವಾಗಿ ಹೇಳಬೇಕು ಅನ್ನುವುದೇ ನನ್ನ ಮಾತು.

ಕ್ಯಾಮ್_ದಂಡೆ:
ಪ್ರತಿ ವರ್ಷ ಹುಡುಗರು ಪಾಸಾಗಿ ಹೋಗುವ ವಿಷಯ ಯಾರೂ ಮುಟ್ಟಲಿಲ್ಲ. ನಾನು ಬೆಂಗಳೂರಿನಲ್ಲಿ ಓದುವಾಗ ನಮ್ಮ ಕಾಲೇಜಿನ ಬಳಗ ಸತ್ತದ್ದೇ ಹೀಗೆ. ಸಂಪರ್ಕಗಳೆಲ್ಲ ಒಬ್ಬನ ಫೋನಿನಲ್ಲಿದ್ದವು, ಅವನು ಕೆಲಸ ಸಿಕ್ಕಿ ಹೋದ. ಟೆಲಿಸ್ಕೋಪಿನ ಕನ್ನಡಿಗೆ ಬೂಸ್ಟು ಹಿಡಿದಿತ್ತು, ಬೀರುವಿನ ಕೀ ಯಾರ ಹತ್ತಿರ ಅಂತಲೂ ಗೊತ್ತಿರಲಿಲ್ಲ. ಬಳಗದ ಹೆಸರಿನಲ್ಲೇ ಒಂದು ಇಮೇಲ್ ಮಾಡಿ. ಯಾವ ವಿಜ್ಞಾನಿಗೆ ಯಾವಾಗ ಬರೆದೆವು, ಏನು ಉತ್ತರ ಬಂತು, ಹಾಲ್‌ಗೆ ಅರ್ಜಿ ಎಲ್ಲಿ ಕೊಡಬೇಕು, ಪ್ರೊಜೆಕ್ಟರ್ ಯಾರ ಹತ್ತಿರ, ಎಲ್ಲ ಒಂದು ಪುಸ್ತಕದಲ್ಲಿ ಇರಲಿ. ಮೊದಲ ವರ್ಷದವರಿಗೆ ಕುರ್ಚಿ ಹಾಕುವ ಕೆಲಸ ಮಾತ್ರ ಕೊಡಬೇಡಿ, ಒಂದು ಉಪನ್ಯಾಸವನ್ನು ಪೂರ್ತಿ ಅವರ ಕೈಗೆ ಬಿಡಿ.

ಹಳೇ_ದುರ್ಬೀನು:
ಜನ ಕೇಳಿದ ಪ್ರಶ್ನೆಗಳನ್ನೂ ಆ ಪುಸ್ತಕದಲ್ಲಿ ಬರೆದಿಡಿ. ಹೆಸರು ಬೇಡ, ಪ್ರಶ್ನೆ ಸಾಕು. ಮುಂದಿನ ವರ್ಷದ ಉಪನ್ಯಾಸಗಳ ವಿಷಯ ಎಲ್ಲಿಂದ ತರುವುದು ಅನ್ನುವ ಚಿಂತೆ ಆಗ ಇರುವುದಿಲ್ಲ. ಜೊತೆಗೆ ನನ್ನ ಒಂದು ಕೋರಿಕೆ. ಕಪ್ಪುಕುಳಿಯ ಬಗ್ಗೆ ಮಾಡುವಾಗ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರಿಂದ ಶುರು ಮಾಡಿ. ಕಪ್ಪುಕುಳಿಯನ್ನು ಕದಡಿದರೆ ಅದು ಹೇಗೆ ಕಂಪಿಸಿ ಬೇಗ ಶಾಂತವಾಗುತ್ತದೆ ಅಂತ ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಎರಡು ಕಪ್ಪುಕುಳಿಗಳು ಸೇರಿದಾಗ ಎದ್ದ ಗುರುತ್ವ ಅಲೆಗಳನ್ನು ಅಮೆರಿಕದ ಲೈಗೋ ವೀಕ್ಷಣಾಲಯ 2015ರ ಸೆಪ್ಟೆಂಬರ್ 14ರಂದು ಹಿಡಿಯಿತು, 2016ರ ಫೆಬ್ರವರಿಯಲ್ಲಿ ಜಗತ್ತಿಗೆ ಹೇಳಿದರು. ವಿಶ್ವೇಶ್ವರ ಅವರು ತೀರಿಕೊಂಡದ್ದು 2017ರಲ್ಲಿ. ಅಷ್ಟು ದೊಡ್ಡ ಕೆಲಸ ಮಾಡಿದವರು ಬೆಂಗಳೂರಿನ ತಾರಾಲಯವನ್ನೂ ಕಟ್ಟಿ ಬೆಳೆಸಿದರು. ಜನರಿಗೆ ವಿಜ್ಞಾನ ಹೇಳುವುದನ್ನು ಅವರು ಸಣ್ಣ ಕೆಲಸ ಅಂದುಕೊಳ್ಳಲಿಲ್ಲ. ನಿಮ್ಮ ಹುಡುಗರಿಗೆ ಇದು ಗೊತ್ತಿರಬೇಕು.

ಆರಿದ್ರಾ_ಧಾರವಾಡ:
ಸರ್, ಖಂಡಿತ ಮಾಡುತ್ತೇವೆ. ಕೆಲವು ವಿಷಯ ಈಗಲೇ ತೀರ್ಮಾನ ಮಾಡಿದೆವು, ನಿನ್ನೆ ಬಳಗದವರೆಲ್ಲ ಕೂತು ಈ ಚರ್ಚೆ ಓದಿದೆವು. ಪ್ರತಿ ತಿಂಗಳ ಎರಡನೇ ಶನಿವಾರ, ಸಂಜೆ 5ಕ್ಕೆ. ಮಾತು ಅರ್ಧ ಗಂಟೆ ದಾಟಬಾರದು, ಉಳಿದ ಒಂದು ಗಂಟೆ ಪ್ರಶ್ನೆಗೆ. ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ. ನಮ್ಮ ಮೇಷ್ಟ್ರುಗಳಿಗೆ ಕೊನೆಯ ಹತ್ತು ನಿಮಿಷ ಮಾತ್ರ, ಅವರೂ ನಗುತ್ತಾ ಒಪ್ಪಿದ್ದಾರೆ. ವಿಜ್ಞಾನಿಗೆ ಕನ್ನಡ ಬರದಿದ್ದರೆ ಗದಗಿನ ಮೇಷ್ಟ್ರು ಹೇಳಿದ ರೀತಿ. ಆದಿತ್ಯ-ಎಲ್1 ಮೊದಲ ಪ್ರಯೋಗ. ಮೇಡಂಗೆ ಬೇರೆ ಸಂದೇಶ ಕಳಿಸಿದ್ದೇನೆ.

ಹೈಸ್ಕೂಲ್_ಮೇಷ್ಟ್ರು:
ಸಂತೋಷ ತಂಗಿ. ನನ್ನದೊಂದು ಬೇಡಿಕೆ ಇದೆ. ಧಾರವಾಡಕ್ಕೆ ಎಲ್ಲ ಮಕ್ಕಳನ್ನೂ ಕರೆತರಲು ಆಗುವುದಿಲ್ಲ, ಬಸ್ಸಿನ ಖರ್ಚು ಇದೆ. ನಿಮ್ಮ ಬಳಗವೇ ವರ್ಷಕ್ಕೊಮ್ಮೆ ನಮ್ಮ ಶಾಲೆಗೆ ಬರಬಹುದಾ? ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಕಾಣದ ಶೂನ್ಯ ನೆರಳಿನ ದಿನ ಆದರೆ ಟೆಲಿಸ್ಕೋಪೂ ಬೇಡ, ರಾತ್ರಿಯೂ ಬೇಡ. ಆದರೆ ಅದು ಬರುವ ಮೇ ತಿಂಗಳು ನಮಗೆ ರಜೆ, ಮತ್ತೊಮ್ಮೆ ಬರುವ ಆಗಸ್ಟ್‌ನಲ್ಲಿ ಮೋಡ. ಇದಕ್ಕೇನು ದಾರಿ?

ಆರಿದ್ರಾ_ಧಾರವಾಡ:
ಸರ್, ಬರುತ್ತೇವೆ. ರಜೆಯಾದರೂ ಊರಿನಲ್ಲೇ ಇರುವ ಮಕ್ಕಳನ್ನು ಸೇರಿಸಿ, ಅವರ ಅಪ್ಪ ಅಮ್ಮಂದಿರೂ ಬರಲಿ. ಧಾರವಾಡ, ಗದಗದ ಕಡೆ ಸೂರ್ಯ ನೆತ್ತಿಯ ಮೇಲೆ ಬರುವುದು ಮೇ 2-3ರ ಹೊತ್ತಿಗೆ, ಮಧ್ಯಾಹ್ನ 12:25ರ ಆಸುಪಾಸು. ನಿಮ್ಮ ಊರಿನ ನಿಖರವಾದ ದಿನ, ಹೊತ್ತು ಭಾರತೀಯ ಖಗೋಳ ಸಂಘದವರ ಆ್ಯಪ್‌ನಲ್ಲಿ ಸಿಗುತ್ತದೆ. ಬೆಂಗಳೂರಿಗೆ ಅದು ಏಪ್ರಿಲ್ 24-25ಕ್ಕೇ ಆಗಿಹೋಗಿರುತ್ತದೆ, ಬೀದರ್‌ಗೆ ಮೇ ಎರಡನೇ ವಾರ.

ಅವತ್ತು ಮೈಸೂರಿನ ಒಂದು ಶಾಲೆಯನ್ನೂ ಫೋನಿನಲ್ಲಿ ಜೊತೆ ಮಾಡಿಕೊಳ್ಳೋಣ. ಎರಡೂ ಕಡೆ ಒಂದು ಮೀಟರ್ ಉದ್ದದ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಬೇಕು. ಇಲ್ಲಿ ನೆರಳು ಪೈಪಿನ ಬುಡದಲ್ಲೇ ಮುಚ್ಚಿಹೋದ ದಿನ ಮೈಸೂರಿನಲ್ಲಿ ಅವರ ನಡುಹಗಲಿಗೆ ಸುಮಾರು ಐದೂವರೆ ಸೆಂಟಿಮೀಟರ್ ನೆರಳು ಇರುತ್ತದೆ, ಅದೂ ದಕ್ಷಿಣಕ್ಕೆ. ಆ ಅಳತೆಯಿಂದ ಕೋನ ಸುಮಾರು 3.15 ಡಿಗ್ರಿ ಅಂತ ಬರುತ್ತದೆ. ಉತ್ತರ ದಕ್ಷಿಣವಾಗಿ ನಡುವಿನ ದೂರ ಸುಮಾರು 350 ಕಿ.ಮೀ. ಇವೆರಡರಿಂದ ಭೂಮಿಯ ಸುತ್ತಳತೆ 40,000 ಕಿ.ಮೀ. ಅಂತ ಹತ್ತನೇ ಕ್ಲಾಸಿನ ಮಕ್ಕಳೇ ತೆಗೆಯಬಹುದು. ಮೋಡ ಬಂದರೆ ಹಿಂದಿನ ದಿನ, ಮರುದಿನವೂ ಅಳೆಯಬಹುದು, ನೆರಳು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಇರುತ್ತದೆ.

ಪೈಪ್ ನಾವು ತರುತ್ತೇವೆ. ನೀವು ಅಂಗಳದಲ್ಲಿ ಮರದ ನೆರಳು ಬೀಳದ ಸಮತಟ್ಟಾದ ಒಂದು ಜಾಗ ಈಗಲೇ ನೋಡಿಡಿ, ಮಕ್ಕಳ ಹತ್ತಿರ ದಾರಕ್ಕೆ ಕಲ್ಲು ಕಟ್ಟಿಸಿ ಇಡಿ, ಪೈಪ್ ನೆಟ್ಟಗಿದೆಯಾ ಅಂತ ಅದನ್ನು ಇಳಿಬಿಟ್ಟೇ ನೋಡಬೇಕು.